ಅಮ್ಮ ಬೇಡ ಅಂದ ಡಿಎನ್‌ಎ ಸೂಜಿ

ನಮ್ಮ ಕಡೆ ಡಿಎನ್‌ಎ ಅಂದರೆ ಒಂದೇ ಅರ್ಥ. ಮಗು ಯಾರದು? ಅಷ್ಟೇ. ಟೀವಿಯವರು ಕೆಂಪು ಅಕ್ಷರ ಹಾಕಿ, ಗುಡುಗಿನ ಶಬ್ದ ಬೇರೆ ಸೇರಿಸಿ, ದಿನಾ ಬಾಯಿ ಬಡಿದುಕೊಳ್ಳುತ್ತಾರಲ್ಲ, ಅದನ್ನು ನೋಡಿ ನೋಡಿ ಮಧುಗಿರಿಯಿಂದ ಪಾವಗಡದವರೆಗೆ ಎಲ್ಲರೂ ಈ ವಿಷಯದಲ್ಲಿ ಪಂಡಿತರಾಗಿಬಿಟ್ಟಿದ್ದಾರೆ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಹತ್ತನೇ ಕ್ಲಾಸಿನ ಬೋರ್ಡಿನ ಮೇಲೆ ಡಿಎನ್‌ಎ ಅಂತ ಬರೆದರೆ ಸಾಕು, ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ಶುರು. “ಯಾವನ್ಲಾ ಅದು ನಗೋನು?” ಅಂತ ಡಸ್ಟರ್ ಎತ್ತಿದರೆ ನಿಲ್ಲುತ್ತದೆ. ಎತ್ತಿದ್ದೇನೆ, ಎಸೆದಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಊರಿಗೆಲ್ಲ ಗೊತ್ತು. “ಅವ್ರಮ್ಮನ ಕೋಪಾನೇ ಕಣಪ್ಪ, ಹಂಗಂಗೇ ಬಂದೈತೆ” ಅಂತ ಜನ ಆಡಿಕೊಳ್ಳುವುದೂ ನನ್ನ ಕಿವಿಗೆ ಬಿದ್ದಿದೆ.

ನಮ್ಮಮ್ಮ ಅರವತ್ತು ತುಂಬುವವರೆಗೂ ಮಿಡಿಗೇಶಿಯಲ್ಲಿ ಶಾಲೆಯ ಬಿಸಿಯೂಟಕ್ಕೆ ಅಡುಗೆ ಮಾಡಿದವಳು. ಸಾರು ಕಮ್ಮಿ ಬಿತ್ತು ಅಂತ ಹೆಡ್‌ಮಾಸ್ಟರನ್ನೇ ಸೌಟು ಹಿಡಿದು ಕೇಳಿದ ಹೆಂಗಸು. ಅಪ್ಪ ಹೋಗಿ ಬಹಳ ವರ್ಷವಾಯಿತು. ನಮ್ಮನೆಯವರಿಗೆ ಸಿರಾದಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಹೋಗುತ್ತಾರೆ. ಹಾಗಾಗಿ ಮನೆಯಲ್ಲಿ ಹೆಚ್ಚು ಹೊತ್ತು ನಾವಿಬ್ಬರೇ, ಇಬ್ಬರೂ ಬೆಂಕಿಪೆಟ್ಟಿಗೆ.

ಹೋದ ವರ್ಷ ಅಮ್ಮ ಹೊಳವನಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಅಲ್ಲಿ ಹೆಂಗಸರಿಗೆ ಕ್ಯಾನ್ಸರ್ ತಪಾಸಣೆಯ ಶಿಬಿರ ನಡೆಯುತ್ತಿತ್ತಂತೆ. ಚಿಕ್ಕಮ್ಮ ಹೋಗುತ್ತಾಳೆ ಅಂತ ಇವಳೂ ಹೋದಳು. ಚಿಕ್ಕಮ್ಮನಿಗೆ ಏನೂ ಇರಲಿಲ್ಲ. ಅಮ್ಮನಿಗೆ ಮಾತ್ರ ಮುಂದೆ ದೊಡ್ಡಾಸ್ಪತ್ರೆಗೆ ತೋರಿಸಿ ಅಂತ ಚೀಟಿ ಬಂತು. ಆ ಚೀಟಿಯನ್ನು ನಾನು ಮೂರು ಸಲ ಓದಿದೆ. ಅಮ್ಮ ಏನೂ ಆಗದವಳ ಹಾಗೆ ಅವರೇಕಾಯಿ ಸುಲಿಯುತ್ತಾ ಕೂತಿದ್ದಳು.

ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಸಮಾಧಾನದವರು. ಗರ್ಭಕೋಶದ ಬಾಯಿಯಲ್ಲಿ ಒಂದು ವೈರಸ್ಸು ಸೇರಿಕೊಂಡು ಜೀವಕೋಶಗಳನ್ನು ಕೆಡಿಸಿದೆ, ಇದಿನ್ನೂ ಕ್ಯಾನ್ಸರ್ ಅಲ್ಲ, ಆದರೆ ಹೀಗೇ ಬಿಟ್ಟರೆ ಆಗಬಹುದು ಅಂದರು. ದಾರಿ ಎರಡಿವೆ. ಕೆಟ್ಟ ಭಾಗವನ್ನು ಸಣ್ಣ ಆಪರೇಷನ್ನಿನಲ್ಲಿ ತೆಗೆಯುವುದು ಒಂದು. ಇಲ್ಲವಾದರೆ, ಇನ್ನೂ ಪ್ರಯೋಗದಲ್ಲಿರುವ ಒಂದು ಲಸಿಕೆ ಇದೆ, ಒಪ್ಪಿದರೆ ಅದನ್ನು ಹಾಕಿ ನೋಡಬಹುದು. ಪ್ರಯೋಗವಾದ್ದರಿಂದ ಕೆಲವರಿಗೆ ನಿಜವಾದ ಲಸಿಕೆ, ಕೆಲವರಿಗೆ ಬರೀ ಉಪ್ಪುನೀರು, ಯಾರಿಗೆ ಯಾವುದು ಅಂತ ಅವರಿಗೂ ತಿಳಿಯುವುದಿಲ್ಲ. ಗುಣ ಕಾಣದಿದ್ದರೆ ಆಪರೇಷನ್ ಇದ್ದೇ ಇದೆ. ಬೇಡ ಅನ್ನಿಸಿದ ದಿನ ಬಿಟ್ಟು ಹೋಗಬಹುದು.

“ಕತ್ರಿ ಬ್ಯಾಡ. ಸೂಜೀನೇ ಹಾಕ್ಲಿ” ಅಂದಳು ಅಮ್ಮ. ವಾಪಸ್ಸು ಬರುವ ಬಸ್ಸಿನಲ್ಲಿ ಕೊರಟಗೆರೆ ದಾಟುವವರೆಗೂ ನಿದ್ದೆ ಹೊಡೆದಳು. ನನಗೂ ಅರ್ಧ ಜೀವ ಬಂದ ಹಾಗಾಗಿತ್ತು.

ಅದಾಗಿ ನಾಲ್ಕು ದಿನಕ್ಕೆ ಆಸ್ಪತ್ರೆಯಿಂದ ಅಮ್ಮನ ಫೋನಿಗೇ ಕರೆ ಬಂತು. ನಾನು ಶಾಲೆಯಲ್ಲಿದ್ದೆ. ಸಾಯಂಕಾಲ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದೇನೆ, ಅಮ್ಮ ಒಳಗಿನಿಂದಲೇ ಕೂಗಿದಳು.

“ಲೇ, ನಾನು ಆ ಆಸ್ಪತ್ರೆಗೆ ಬರಾಕಿಲ್ಲ.”

“ಯಾಕಮ್ಮ, ಏನಾಯ್ತು?”

“ಅದು ಡಿಎನ್‌ಎ ಅಂತೆ. ನಂಗೆ ಬ್ಯಾಡ.”

ಓಹೋ, ಹೆಸರು ಕೇಳಿ ಹೆದರಿದ್ದಾಳೆ ಅಂದುಕೊಂಡೆ. ಪಕ್ಕ ಕೂತು, ಅದು ಡಿಎನ್‌ಎ ಲಸಿಕೆ ಕಣಮ್ಮ, ನಮ್ಮ ಮೈಯಲ್ಲಿರುವ ಕಾವಲಿನವರಿಗೆ ಆ ವೈರಸ್ಸಿನ ಗುರುತು ಹಿಡಿಸುತ್ತೆ, ಆಗ ಅವರೇ ಕೆಟ್ಟ ಜೀವಕೋಶಗಳನ್ನು ಹುಡುಕಿ ಹೊಡೆಯುತ್ತಾರೆ ಅಂತ ಹೇಳಿದೆ. ಹತ್ತನೇ ಕ್ಲಾಸಿನ ಮಕ್ಕಳಿಗೂ ಅಷ್ಟು ತಾಳ್ಮೆಯಿಂದ ಹೇಳಿದವಳಲ್ಲ ನಾನು. ಅಮ್ಮ ಗೋಡೆ ನೋಡುತ್ತಾ ಕೂತಳು. ದೇವರ ಗೂಡಿನ ಪಕ್ಕ ತೂಗುಹಾಕಿದ ಬುದ್ಧನ ಫೋಟೊ ಇದೆ, ಅದನ್ನೇ ನೋಡುತ್ತಿದ್ದಳು.

“ಸರಿ, ಲಸಿಕೆ ಬೇಡ. ಆಪರೇಷನ್ ಮಾಡಿಸು.”

“ಅದೂ ಬ್ಯಾಡ. ಆ ಬಾಗ್ಲಿಗೇ ನಾನು ಬರಾಕಿಲ್ಲ. ಚೂರು ಕತ್ರಿಸ್ಕಂಡ್ರೂ ಅವ್ರು ಬುಡ್ತಾರಾ, ಅದ್ರಲ್ಲೂ ಡಿಎನ್‌ಎ ನೋಡ್ತಾರೆ.”

“ನೋಡಿದ್ರೆ ನೋಡ್ಲಿ ಬಿಡು! ನಿನ್ನ ಗಂಟೇನು ಹೋಗುತ್ತೆ?”

“ಬ್ಯಾಡ ಅಂದ್ರೆ ಬ್ಯಾಡ!”

ಮೈಯೆಲ್ಲ ಉರಿದುಹೋಯಿತು ನನಗೆ. ಸಾಯ್ತೀಯ ಕಣಮ್ಮ, ಸುಮ್ಮಸುಮ್ಮನೆ ಸಾಯ್ತೀಯ ಅಂತ ಕಿರುಚಿದೆ. ಸತ್ರೆ ಸಾಯ್ತೀನಿ, ನಿಂಗೇನು ಅಂತ ಅವಳೂ ಕಿರುಚಿದಳು. ತಟ್ಟೆ ಕುಕ್ಕಿದ ಶಬ್ದಕ್ಕೆ ಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡಿ ಹೋದರು. ಆಮೇಲೆ ಮಾತಿಲ್ಲ. ಅವಳು ಮಾಡಿಟ್ಟಿದ್ದನ್ನು ನಾನು ತಿನ್ನುವುದು, ನಾನು ತೊಳೆದಿಟ್ಟಿದ್ದನ್ನು ಅವಳು ಮತ್ತೊಮ್ಮೆ ತೊಳೆಯುವುದು. ಹೀಗೆ ಒಂದು ವಾರ. ಅಷ್ಟು ದಿನವೂ ಪಾಠ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಅವಳ ಹೊಟ್ಟೆಯೊಳಗೆ ಅದು ಬೆಳೆಯುತ್ತಿದೆ ಅನ್ನುವುದೊಂದೇ ನನ್ನ ತಲೆಯಲ್ಲಿ.

ಶನಿವಾರ ಬಂದ ನಮ್ಮನೆಯವರು ಎಲ್ಲಾ ಕೇಳಿಸಿಕೊಂಡು ಒಂದೇ ಮಾತು ಹೇಳಿದರು. “ನೀನು ಮೇಡಮ್ಮಾಗಿ ಹೇಳಿದ್ದು ಸಾಕು. ಒಂದ್ಸಲ ಮಗಳಾಗಿ ಕೇಳು.” ಅವರ ಮೇಲೂ ಕೋಪ ಬಂತು. ಸರಿಯಾದ ಮಾತು ಹೇಳಿದವರ ಮೇಲೆ ಬರುವಂಥ ಕೋಪ.

ಕೇಳೋಣ ಅಂತ ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ಮನೆಯಲ್ಲಿಲ್ಲ! ಹಿತ್ತಲಲ್ಲಿಲ್ಲ, ಬೋರ್‌ವೆಲ್ ಹತ್ತಿರ ಇಲ್ಲ. ಫೋನು ಚಾರ್ಜಿಗೆ ಹಾಕಿದ್ದು ಹಾಗೇ ಇದೆ. ಮುದ್ದೆ ಮಾಡಿ ಮುಚ್ಚಿಟ್ಟು ಹೋಗಿದ್ದಾಳೆ. ಬಸ್‌ಸ್ಟಾಪಿನ ಹೂವಿನ ಅಂಗಡಿಯವಳು, “ನಿಮ್ಮಮ್ಮ ಪಾವಗಡದ ಬಸ್ ಹತ್ತಿದ್ಲಲ್ಲ. ಬಲಸಮುದ್ರಕ್ಕೆ ಅಲ್ಲಿಂದ ಬಸ್ ಐತಾ ಅಂತ ಕೇಳ್ತಿದ್ಲು” ಅಂದಳು.

ಬಲಸಮುದ್ರ? ನಮಗೆ ಅಲ್ಲಿ ನೆಂಟರಿಲ್ಲ, ಇಷ್ಟರಿಲ್ಲ. ಆ ಊರಿನ ಹೆಸರನ್ನು ಅಮ್ಮನ ಬಾಯಲ್ಲಿ ನಾನು ಒಂದು ದಿನವೂ ಕೇಳಿಲ್ಲ. ಶಾಲೆಗೆ ರಜೆ ಹೇಳಿ ಮುಂದಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈದುಕೊಂಡೇ ಹೋದೆ. ಪಾವಗಡ ದಾಟಿದ ಮೇಲೆ ಬೈಗುಳ ಮುಗಿದು ಭಯ ಶುರುವಾಯಿತು.

ಬಲಸಮುದ್ರದಲ್ಲಿ ಇಳಿದಾಗ ಹತ್ತಿರ ಹತ್ತಿರ ಮಧ್ಯಾಹ್ನ. ಸುತ್ತ ಎಲ್ಲಿ ನೋಡಿದರೂ ಸೋಲಾರ್ ಪ್ಲೇಟುಗಳು, ಬಿಸಿಲಿಗೆ ಮುಖ ಕೊಟ್ಟು ಸಾಲಾಗಿ ನಿಂತಿವೆ. ಬಸ್‌ಸ್ಟಾಪಿನ ನೆರಳಲ್ಲಿ ಒಬ್ಬ ಮುದುಕಿ ಜೊತೆ ಅಮ್ಮ ಕೂತಿದ್ದಳು, ತೊಡೆಯ ಮೇಲೆ ವೈರಿನ ಬ್ಯಾಗು. ಮುದುಕಿ ನನ್ನನ್ನು ನೋಡಿ, “ಎವರು ಕಾವಾಲಮ್ಮ?” ಅಂತ ಕೇಳಿದಳು, ಯಾರು ಬೇಕು ಅಂತ.

“ಇವಳೇ ಬೇಕು” ಅಂದೆ.

ನನ್ನ ದನಿಯಲ್ಲಿ ಏನಿತ್ತೋ, ಮುದುಕಿ ಎದ್ದು ಹೊರಟುಹೋದಳು. ಅಮ್ಮ ನನ್ನ ಮುಖ ನೋಡಲಿಲ್ಲ. ಬೈಯಬೇಕು ಅಂತಲೇ ಬಾಯಿ ತೆರೆದೆ. ಅವಳ ಕಾಲೆಲ್ಲ ಮಣ್ಣು ಮೆತ್ತಿತ್ತು, ಎಷ್ಟು ದೂರ ನಡೆದಿದ್ದಳೋ. ಬಾಟಲಿ ತೆಗೆದು ನೀರು ಕೊಟ್ಟೆ. ಕುಡಿದಳು. ಆಮೇಲೆ ಅವಳಾಗಿಯೇ ಶುರುಮಾಡಿದಳು.

“ಆ ನರ್ಸಮ್ಮ ಫೋನಲ್ಲಿ ಏನಂದ್ಲು ಗೊತ್ತಾ? ಸೋಮಾರ ಡಿಎನ್‌ಎಗೆ ಬನ್ನಿ, ಮಗಳನ್ನೂ ಕರ್ಕಂಡ್ ಬನ್ನಿ, ಅವ್ರ ಆಧಾರ್ ಇರ್ಲಿ, ರಕ್ತ ತಗಂತೀವಿ ಅಂದ್ಲು. ನಂಗೂ ನಿಂಗೂ ಕೂರ್ಸಿ ಡಿಎನ್‌ಎ ನೋಡಿದ್ರೆ…” ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. “ನೀನು ನನ್ನ ಹೊಟ್ಟೇಲಿ ಹುಟ್ಟಿದೋಳಲ್ಲ ಮಗ.”

ನನಗೆ ಅಳು ಬರಬೇಕಿತ್ತೇನೋ. ಬಂದದ್ದು ನಗು. ಅಯ್ಯೋ ದೇವರೇ, ಇದಕ್ಕಾ!

“ಗೊತ್ತು ಕಣಮ್ಮ.”

“ಏನ್ ಗೊತ್ತು?”

“ನಾನು ನಿನ್ನ ಹೊಟ್ಟೇಲಿ ಹುಟ್ಟಿಲ್ಲ ಅನ್ನೋದು. ಕಾಲೇಜಿಂದಾನೂ ಗೊತ್ತು.”

ಮಧುಗಿರಿಯಲ್ಲಿ ಬಿಎಸ್ಸಿ ಓದುವಾಗ ಪ್ರಾಕ್ಟಿಕಲ್‌ನಲ್ಲಿ ಎಲ್ಲರೂ ಬೆರಳು ಚುಚ್ಚಿ ರಕ್ತದ ಗುಂಪು ನೋಡಿಕೊಂಡಿದ್ದೆವು. ನಂದು ಓ. ಅದೇ ವರ್ಷ ಅಮ್ಮನಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು, ಅವಳ ಚೀಟಿಯಲ್ಲಿ ಎಬಿ ಅಂತ ಬರೆದಿತ್ತು. ಎಬಿ ತಾಯಿಗೆ ಓ ಮಗು ಹುಟ್ಟುವುದಿಲ್ಲ. ಅಪರೂಪಕ್ಕೆ ಎಲ್ಲೋ ಒಂದು ಕಡೆ ಹಾಗೂ ಆಗುತ್ತದೆ ಅಂತ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು. ಸ್ವಲ್ಪ ದಿನ ಆ ಸಾಲನ್ನೇ ಹಿಡಿದುಕೊಂಡು ಓಡಾಡಿದೆ. ಆದರೆ ಒಳಗೆ ಗೊತ್ತಾಗಿಬಿಟ್ಟಿತ್ತು. ಕೇಳಿದರೆ ಅಮ್ಮ ನೊಂದುಕೊಳ್ಳುತ್ತಾಳೆ ಅಂತ ಬಾಯಿ ಮುಚ್ಚಿಕೊಂಡೆ. ಮೇಡಮ್ಮಾದ ಮೇಲೂ ಪ್ರತಿ ವರ್ಷ ರಕ್ತದ ಗುಂಪಿನ ಪಾಠ ಬಂದಾಗ ಎಬಿ ತಾಯಿಯ ಲೆಕ್ಕ ಮಾತ್ರ ಬೋರ್ಡಿನ ಮೇಲೆ ಬರೆಯದೆ ಮುಂದೆ ಹೋಗುತ್ತೇನೆ.

ಇದನ್ನೆಲ್ಲ ಹೇಳಿದೆ. ಅಮ್ಮ ಅಳುತ್ತಾಳೆ, ತಬ್ಬಿಕೊಳ್ಳುತ್ತಾಳೆ ಅಂತ ಕಾದೆ. ವೈರಿನ ಬ್ಯಾಗಿನಲ್ಲಿ ನನ್ನ ತೋಳಿಗೆ ಒಂದು ಬಾರಿಸಿದಳು!

“ಇಷ್ಟ್ ವರ್ಷದಿಂದ ಗೊತ್ತಿತ್ತಾ? ಬಾಯಿ ಬುಡೋಕೆ ಏನಾಗಿತ್ತೇ ನಿಂಗೆ? ಒಂದೊಂದ್ ದಿನ ಹೆಂಗ್ ಕಳ್ದಿದೀನಿ ಗೊತ್ತಾ? ಯಾರಾದ್ರೂ ನಿನ್ನ ಮೂಗು ನೋಡಿದ್ರೆ ನಂಗೆ ಜೀವ ಹೋಗೋದು!”

“ನೀನು ಬಿಟ್ಯಾ ಬಾಯಿ? ನೀನ್ಯಾಕೆ ಹೇಳ್ಲಿಲ್ಲ?”

“ಹೇಳಿ, ನೀನು ಹೋಗ್ಬುಟ್ಟಿದ್ರೆ?”

ಆಗ ಮಾತ್ರ ಇಬ್ಬರೂ ಅತ್ತೆವು. ಪಾವಗಡದ ಬಸ್ಸು ಬಂದು ನಿಂತು, ಕಂಡಕ್ಟರು ನಮ್ಮನ್ನು ನೋಡಿ ಏನೂ ಕೇಳದೆ ರೈಟ್ ಅಂದುಬಿಟ್ಟ.

ಆಮೇಲೆ ಪೂರ್ತಿ ಕಥೆ ಹೇಳಿದಳು. ಅಪ್ಪ ಅಮ್ಮ ಮದುವೆಯಾದ ಹೊಸದರಲ್ಲಿ ಸಿರಾದ ಒಂದು ಕಡಲೆಕಾಯಿ ಮಿಲ್ಲಿನಲ್ಲಿ ಕೂಲಿಗಿದ್ದರಂತೆ. ಅಲ್ಲೇ ಬಲಸಮುದ್ರದ ಕಡೆಯವಳೊಬ್ಬಳು ಕಾಯಿ ಆರಿಸುತ್ತಿದ್ದಳು, ಬಸುರಿ. ಗಂಡ ಎಲ್ಲಿಗೋ ಹೋದವನು ಬಂದಿರಲಿಲ್ಲ. ಹೆರಿಗೆಯಾಯಿತು, ಜ್ವರ ಹಿಡಿಯಿತು, ಐದನೇ ದಿನಕ್ಕೆ ಹೋಗಿಬಿಟ್ಟಳು. “ಅಕ್ಕಾ, ಬಿಡ್ಡನ್ನಿ ನುವ್ವೇ ಚೂಸ್ಕೋ ಅಂದ್ಲು ಕಣೇ. ಕೂಸನ್ನ ನೀನೇ ನೋಡ್ಕೋ ಅಂತ.” ಅಮ್ಮನಿಗೆ ಮಕ್ಕಳಿರಲಿಲ್ಲ. ಎರಡು ವರ್ಷ ಬಿಟ್ಟು ಮಿಡಿಗೇಶಿಗೆ ಬಂದಾಗ ಕಂಕುಳಲ್ಲಿ ನಾನಿದ್ದೆ. ಸಿರಾದಲ್ಲಿ ಹುಟ್ಟಿತು ಅಂದರು, ಜನ ನಂಬಿದರು. ಕಾಗದ ಇಲ್ಲ, ಪತ್ರ ಇಲ್ಲ.

“ಈಗಿಲ್ಲಿಗೆ ಯಾಕೆ ಬಂದೆ?”

“ಅವ್ಳ ಕಡೆಯೋರು ಯಾರಾದ್ರೂ ಇದ್ರೆ ಕಾಲಿಗ್ ಬಿದ್ದು ಕೇಳ್ಕಳಾನ ಅಂತ. ನಾಳೆ ಆಸ್ಪತ್ರೆಯೋರು, ಪೊಲೀಸ್ನೋರು ಯಾರೇ ಬಂದ್ ಕೇಳಿದ್ರೂ ಆ ಕೂಸು ನಮ್ದಲ್ಲ ಅಂದ್ಬುಡ್ರಪ್ಪ ಅಂತ. ಯಾರೂ ಇಲ್ಲ. ಆ ಹೆಸ್ರು ಕೇಳಿದೋರೇ ಇಲ್ಲ.” ಆಮೇಲೆ ನಿಜವಾದ ಭಯ ಹೊರಗೆ ಹಾಕಿದಳು. “ನಿನ್ನ ಜಾತಿ ಸರ್ಟಿಫಿಕೇಟು ನಮ್ಮ ಹೆಸ್ರಲ್ಲೈತೆ. ಅದು ಸುಳ್ಳು ಅಂದ್ಬುಟ್ರೆ ನಿನ್ನ ಕೆಲ್ಸ ಹೋಗಾಕಿಲ್ವಾ? ನಂದೇನು, ಅರವತ್ತಾಯ್ತು.”

ನಾನು ತಲೆ ಹಿಡಿದುಕೊಂಡೆ. ನನ್ನ ನೌಕರಿ ಉಳಿಯಲಿ ಅಂತ ಈ ಹೆಂಗಸು ಕ್ಯಾನ್ಸರಿಗೆ ಒಪ್ಪಿಕೊಂಡು ಕೂತಿದ್ದಾಳೆ! ಒಂದು ವಾರ ನಾನು ಅವಳನ್ನು ಮನಸ್ಸಿನಲ್ಲೇ ಮೊಂಡಿ, ಮೂಢೆ ಅಂತ ಬೈದದ್ದೆಲ್ಲ ನೆನಪಾಗಿ ನನಗೇ ನಾಚಿಕೆಯಾಯಿತು.

“ಅಮ್ಮಾ, ನನ್ನ ಸೆಲೆಕ್ಷನ್ ಜನರಲ್ ಮೆರಿಟ್ಟಲ್ಲಿ ಕಣಮ್ಮ! ಆ ಸರ್ಟಿಫಿಕೇಟನ್ನ ಅದಕ್ಕೆ ಲೆಕ್ಕಕ್ಕೇ ತಗೊಂಡಿಲ್ಲ. ಪೇಡ ಹಂಚೋವಾಗ ಊರಿಗೆಲ್ಲ ನೀನೇ ಹೇಳ್ಕೊಂಡು ಬಂದೆ.”

“ಅಂಗಂದ್ರೆ ಇದಾ? ಜಾಸ್ತಿ ಮಾರ್ಕ್ಸು ಅಂತ ನಾನಂದ್ಕಂಡೆ.”

“ಅದೇ ಕಣೇ ತಾಯಿ, ಅದೇ ಇದು!”

ಅಮ್ಮ ಬ್ಯಾಗಿನಿಂದ ಕಡಲೆಕಾಯಿ ಪೊಟ್ಟಣ ತೆಗೆದು ಬಿಚ್ಚಿದಳು. ತಿನ್ನುತ್ತಾ, ಈಗ ಮೊದಲ ಸಲ, ಆ ಸೂಜಿಯ ಬಗ್ಗೆ ತಾನಾಗಿ ಕೇಳಿದಳು. ಕಾವಲು, ಗುರುತು ಅಂತ ಪುಸ್ತಕದ ಮಾತು ಬಿಟ್ಟು ಅವಳ ಅಡುಗೆಮನೆಗೇ ಬಂದೆ. ಬಿಸಿಯೂಟದ ಕೋಣೆಯ ಗೋಡೆಗೆ ಇವತ್ತು ಏನಡುಗೆ, ಯಾವುದು ಎಷ್ಟು ಅಂತ ಚೀಟಿ ಅಂಟಿಸುತ್ತಿದ್ದರಲ್ಲ, ಡಿಎನ್‌ಎ ಅಂದರೆ ಅಂಥ ಚೀಟಿ. ಟೀವಿಯಲ್ಲಿ ಬರುವ ಟೆಸ್ಟು ನಮ್ಮ ಮೈಯಲ್ಲಿರುವ ಚೀಟಿಯನ್ನು ಓದುವುದು. ಈ ಲಸಿಕೆ ಹಾಗಲ್ಲ. ಅವರು ಬರೆದ ಒಂದು ಪುಟ್ಟ ಚೀಟಿಯನ್ನು ತೋಳಿನೊಳಗೆ ಹಾಕುತ್ತಾರೆ. ಮೈ ಅದನ್ನು ಓದಿ ಆ ವೈರಸ್ಸಿನ ಒಂದು ಚೂರನ್ನು ಮಾತ್ರ ಬೇಯಿಸುತ್ತದೆ. ಕಾವಲಿನವರು ಅದರ ರುಚಿ ನೋಡಿಕೊಂಡು, ಎಲ್ಲೆಲ್ಲಿ ಅದೇ ರುಚಿ ಸಿಗುತ್ತೋ ಅಲ್ಲೆಲ್ಲ ಹೋಗಿ ಬಡಿಯುತ್ತಾರೆ.

“ಅಂದ್ರೆ ಅವ್ರು ನಮ್ಮದನ್ನ ಓದಾಕಿಲ್ಲ. ಅವ್ರದನ್ನ ನಮ್ಮ ಮೈಯಿಗೆ ಓದಿಸ್ತಾರೆ.”

ಇಷ್ಟು ವರ್ಷ ಪಾಠ ಮಾಡಿದ ನನಗೆ ಅಷ್ಟು ಚೆನ್ನಾಗಿ ಒಂದು ದಿನವೂ ಹೇಳಲು ಬಂದಿರಲಿಲ್ಲ. “ನನ್ನ ಕರೆದದ್ದು ಸಾಕ್ಷಿ ಸಹಿಗೆ, ರಕ್ತ ತೆಗೆಯೋದು ನಿಂದು, ನಿನ್ನ ಆರೋಗ್ಯ ನೋಡೋಕೆ” ಅಂದೆ. “ಥೂ, ಅದ್ನ ಸರ್ಯಾಗ್ ಹೇಳಾಕೇನಂತೆ ಅವ್ಳಿಗೆ” ಅಂತ ನರ್ಸಮ್ಮನಿಗೆ ಅಲ್ಲಿಂದಲೇ ಬೈದಳು. ನನಗೂ ಹಾಗೇ ಅನ್ನಿಸಿತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಕೇಳಲೋ ಬೇಡವೋ ಅಂತ ಯೋಚಿಸಿ ಕೇಳಿದೆ. “ಅವಳು ಹೆಂಗಿದ್ದಳಮ್ಮ?”

“ನಿನ್ನಂಗೇ ಉದ್ದಕ್ಕಿದ್ಲು. ಮೂಗೂ ಅವ್ಳದೇ. ಸಾಧು ಕಣೇ, ಹಸ ಅಂತಾರಲ್ಲ ಅಂಗೆ. ಮಿಲ್ಲಲ್ಲಿ ಯಾರೇನಂದ್ರೂ ತಿರುಗಿ ಮಾತಾಡ್ತಿರ್ಲಿಲ್ಲ. ಒಂದಿನ ಕೋಪ ಮಾಡ್ಕಂಡಿದ್ದು ನಾನು ಕಾಣೆ.”

ಮುಂದಿನ ವಾರ ಆಸ್ಪತ್ರೆಗೆ ಹೋದೆವು. ಒಪ್ಪಿಗೆ ಪತ್ರ ಕನ್ನಡದಲ್ಲೇ ಇತ್ತು, ಪೂರ್ತಿ ಓದಿ ಹೇಳಿದೆ. ಅಮ್ಮ ಸಹಿ ಹಾಕಿದಳು, ಕೆಳಗೆ ನಾನು ಹಾಕಿದೆ. ಸಂಬಂಧ ಅನ್ನುವ ಕಡೆ ಮಗಳು ಅಂತ ಬರೆಯುವಾಗ ಅವಳು ಬಗ್ಗಿ ನೋಡುತ್ತಿದ್ದಳು. ಲಸಿಕೆಯ ಚೀಟಿ ಜೀವಕೋಶದೊಳಗೆ ಇಳಿಯಲಿ ಅಂತ ಸೂಜಿಯ ಜೊತೆಗೆ ಚಿಟಿಕೆ ಹೊಡೆಯುವಷ್ಟು ಹೊತ್ತು ಸಣ್ಣದಾಗಿ ಕರೆಂಟು ಕೊಡುತ್ತಾರೆ. “ಅಯ್ಯಯ್ಯಪ್ಪೋ!” ಅಂತ ಅಮ್ಮ ಕೂಗಿದ್ದು ಇಡೀ ವಾರ್ಡಿಗೆ ಕೇಳಿಸಿತು. ಹೊರಗೆ ಬಂದು ತೋಳು ಉಜ್ಜಿಕೊಳ್ಳುತ್ತಾ, “ಬಲಸಮುದ್ರದ ಕರೆಂಟೇ ಇರ್ಬೇಕು ಕಣೇ, ಬೆನ್ನು ಹತ್ತಿ ಬಂದೈತೆ” ಅಂದಳು. ನಕ್ಕೂ ನಕ್ಕೂ ನನಗೆ ಹೊಟ್ಟೆ ನೋವು ಬಂತು.

ಇನ್ನೂ ಎರಡು ಸಲ ಹೋಗಿ ಹಾಕಿಸಿಕೊಂಡಳು. ಬೈದುಕೊಂಡೇ ಹಾಕಿಸಿಕೊಂಡಳು, ಒಂದು ಸಲವೂ ತಪ್ಪಿಸಲಿಲ್ಲ. ಆಮೇಲೆ ಕಾಯುವುದು. ಆ ತಿಂಗಳುಗಳಲ್ಲಿ ಭಯ ಇರಲಿಲ್ಲ ಅಂತಲ್ಲ, ಆದರೆ ಈ ಸಲ ಇಬ್ಬರೂ ಸೇರಿ ಹೆದರುತ್ತಿದ್ದೆವು. ಅದು ಎಷ್ಟೋ ವಾಸಿ.

ಈ ಯುಗಾದಿ ಕಳೆದ ಮೇಲೆ ಕೊನೆಯ ಪರೀಕ್ಷೆಯ ಫಲಿತಾಂಶ ಬಂತು. ಕೆಟ್ಟ ಜೀವಕೋಶಗಳು ಹೋಗಿವೆ, ವೈರಸ್ಸೂ ಕಾಣಿಸುತ್ತಿಲ್ಲ, ಆದರೂ ಆಗಾಗ ತೋರಿಸುತ್ತಿರಿ ಅಂದರು ಡಾಕ್ಟರಮ್ಮ. ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಹಾಕಿದ್ದು ಲಸಿಕೆಯೋ ಉಪ್ಪುನೀರೋ ಇನ್ನೂ ಗೊತ್ತಿಲ್ಲ, ಪ್ರಯೋಗ ಪೂರ್ತಿ ಮುಗಿಯಬೇಕು ಅಂದರು. “ಯಾವ್ದೋ ಒಂದು. ಹೋಯ್ತಲ್ಲ, ಅಷ್ಟ್ ಸಾಕು” ಅಂದಳು ಅಮ್ಮ.

ಹೊರಡುವ ಮುಂಚೆ ಹೊಸ ನರ್ಸಮ್ಮ ಒಬ್ಬಳು ಫಾರ್ಮು ಹಿಡಿದು ಬಂದಳು. ಮನೆಯಲ್ಲಿ ಯಾರಿಗಾದರೂ ಸಕ್ಕರೆ, ಬಿಪಿ, ಕ್ಯಾನ್ಸರ್ ಇದೆಯಾ ಅಂತ ಒಂದೊಂದೇ ಕೇಳಿ ಬರೆದುಕೊಂಡಳು. ಕೊನೆಗೆ ನನ್ನ ಕಡೆ ನೋಡಿ, “ಮಗಳಿಗೆ ನಿಮ್ಮಿಂದ ಏನಾದ್ರೂ ಬಂದಿದೆಯಾ ಅಜ್ಜಿ?” ಅಂದಳು.

ಒಂದು ವರ್ಷದ ಹಿಂದೆ ಈ ಪ್ರಶ್ನೆ ಕೇಳಿದ್ದರೆ ಅಮ್ಮ ಅಲ್ಲಿಂದ ಎದ್ದು ಓಡಿಹೋಗುತ್ತಿದ್ದಳು. ಈಗ ನನ್ನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು, ಸಂತೆಯಲ್ಲಿ ಕುಂಬಳಕಾಯಿ ಆರಿಸುವ ಹಾಗೆ.

“ಕೋಪ ಬಂದೈತೆ” ಅಂದಳು. “ಬರ್ಕೋ. ಅದು ನಂದೇ.”